ರಕ್ತನಾಳಗಳ ಡಾಪ್ಲರ್ ಕಲಿಯುವವರಿಗೆ: ಬಣ್ಣಕ್ಕೆ ಮೊದಲು ಕೈ ಪಳಗಲಿ

"ಮೇಡಂ, ವ್ಯಾಸ್ಕುಲರ್ ಡಾಪ್ಲರ್ ಕಲಿಯಬೇಕು. ಯಾವ ಕೋರ್ಸಿಗೆ ಸೇರಲಿ?" ವಾರಕ್ಕೊಬ್ಬರಾದರೂ ನನ್ನನ್ನು ಹೀಗೆ ಕೇಳುತ್ತಾರೆ. ತುರ್ತು ಚಿಕಿತ್ಸಾ ವಿಭಾಗದ ಕಿರಿಯ ವೈದ್ಯರು, ಸರ್ಜರಿಯ ಸ್ನಾತಕೋತ್ತರ ವಿದ್ಯಾರ್ಥಿಗಳು, ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡುವವರು, ಎಲ್ಲರದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಪೂರ್ತಿಯಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಕೋರ್ಸಿನ ವಿಷಯ ಕೊನೆಗೆ ಹೇಳುತ್ತೇನೆ. ಎರಡು ದಿನದ ಕಾರ್ಯಾಗಾರಕ್ಕೆ ಹೋಗಿಬಂದ ಮಾತ್ರಕ್ಕೆ ಕೈ ಪಳಗುವುದಿಲ್ಲ. ಒಂದು ಸಲಕ್ಕೆ ಒಂದೇ ಬಗೆಯ ಪರೀಕ್ಷೆಯನ್ನು ಹಿಡಿದು, ಅದನ್ನು ನೂರಾರು ರೋಗಿಗಳಲ್ಲಿ ಮಾಡಿ, ನೀವು ಕಂಡದ್ದು ನಿಜವಾಗಿತ್ತೇ ಎಂದು ಪ್ರತಿ ಸಲವೂ ಹಿಂದೆ ಬಿದ್ದು ತಿಳಿದುಕೊಳ್ಳಬೇಕು. ನಾನು ಕಲಿತದ್ದು ಹಾಗೆ, ಕಲಿಸುತ್ತಿರುವುದೂ ಹಾಗೆಯೇ.

ಮೊದಲಿಗೆ ಪದಗಳು. ಹೃದಯದಿಂದ ರಕ್ತವನ್ನು ಒಯ್ಯುವುದು ಅಪಧಮನಿ, ಹೃದಯಕ್ಕೆ ಹಿಂದಿರುಗಿಸುವುದು ಅಭಿಧಮನಿ. ಹರಿಯುವ ರಕ್ತಕಣಗಳಿಗೆ ತಾಗಿ ಮರಳಿದ ಶಬ್ದದ ಅಲೆಯ ಕಂಪನಾಂಕ ಎಷ್ಟು ಬದಲಾಯಿತು ಎಂಬುದರಿಂದ ಹರಿವಿನ ವೇಗವನ್ನು ಲೆಕ್ಕ ಹಾಕುವುದೇ ಡಾಪ್ಲರ್. ಈ ತತ್ತ್ವವನ್ನು 1842ರಲ್ಲಿ ಮಂಡಿಸಿದ ಕ್ರಿಶ್ಚಿಯನ್ ಡಾಪ್ಲರ್ ನಕ್ಷತ್ರಗಳ ಬೆಳಕಿನ ಬಗ್ಗೆ ಯೋಚಿಸುತ್ತಿದ್ದರು. ಇನ್ನು ನಮ್ಮ ರೋಗಿಗಳ ಮಾತು. ಅವರಿಗೆ ಅಪಧಮನಿ, ಅಭಿಧಮನಿ, ನಿಜವಾದ ನರ ಎಲ್ಲವೂ "ನರ"ವೇ. "ನರ ಉಬ್ಬಿದೆ" ಎಂದರೆ ಅದು ಅಭಿಧಮನಿ, "ನರ ಸೆಳೆಯುತ್ತಿದೆ" ಎಂದರೆ ಬೆನ್ನಿನಿಂದ ಇಳಿದ ನೋವೂ ಇರಬಹುದು. ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್ (ಚರ್ಮದ ಮೇಲಿಟ್ಟು ನೋಡುವ, ಕೈಯಲ್ಲಿ ಹಿಡಿಯುವ ಭಾಗ) ಎತ್ತಿಕೊಳ್ಳುವ ಮೊದಲು "ಎಲ್ಲಿ, ಯಾವಾಗಿನಿಂದ, ನಿಂತಾಗ ಹೆಚ್ಚೋ ನಡೆದಾಗ ಹೆಚ್ಚೋ" ಎಂದು ಕೇಳಿ. ಈ ಒಂದು ನಿಮಿಷದ ಮಾತುಕತೆ ಎಷ್ಟೋ ತಪ್ಪು ಪರೀಕ್ಷೆಗಳನ್ನು ತಪ್ಪಿಸುತ್ತದೆ.

ಬೇಕಾಗುವ ವಸ್ತುಗಳು ಇಷ್ಟೇ: ಚಪ್ಪಟೆ ಮುಖದ ಲೀನಿಯರ್ ಪ್ರೋಬ್ (ಸುಮಾರು 5ರಿಂದ 12 ಮೆಗಾಹರ್ಟ್ಸ್), ಹೊಟ್ಟೆಗೂ ದಪ್ಪ ತೊಡೆಗೂ ಬಾಗಿದ ಮುಖದ ಪ್ರೋಬ್ (2ರಿಂದ 5 ಮೆಗಾಹರ್ಟ್ಸ್), ಧಾರಾಳವಾಗಿ ಜೆಲ್, ತಲೆಯ ಭಾಗ ಎತ್ತರಿಸಬಹುದಾದ ಮಂಚ, ರೋಗಿ ನಿಲ್ಲಲು ಗಟ್ಟಿಯಾದ ಮೆಟ್ಟಿಲು, ಟವೆಲ್ ಮತ್ತು ಒಂದು ನೋಟ್‌ಬುಕ್.

ಹಂತ 1: ಕಾನೂನಿನ ಒಳಗೆ ನಿಂತು ಶುರುಮಾಡಿ

ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿ.ಸಿ.ಪಿ.ಎನ್.ಡಿ.ಟಿ. ಕಾಯ್ದೆಯ ಪ್ರಕಾರ ಗರ್ಭವನ್ನು ನೋಡಬಲ್ಲ ಅಲ್ಟ್ರಾಸೌಂಡ್ ಯಂತ್ರಕ್ಕೆ ನೋಂದಣಿ ಕಡ್ಡಾಯ. "ನಾನು ಕಾಲಿನ ರಕ್ತನಾಳ ಮಾತ್ರ ನೋಡುತ್ತೇನೆ" ಎಂದರೆ ವಿನಾಯಿತಿ ಸಿಗುವುದಿಲ್ಲ. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಪ್ರೋಬ್‌ಗಳಿಗೂ ಇದೇ ಕಾನೂನು. ನೋಂದಣಿ ಇಲ್ಲದವರಿಗೆ ಯಂತ್ರ ಮಾರುವುದೇ ಅಪರಾಧ. ವಿದೇಶದಿಂದ ಬರುವ ಗೆಳೆಯರ ಕೈಯಲ್ಲಿ ಒಂದನ್ನು ತರಿಸಿಕೊಂಡು ಮನೆಯಲ್ಲಿ ಅಭ್ಯಾಸ ಮಾಡುವ ಯೋಚನೆ ಇದ್ದರೆ ಇಂದೇ ಬಿಟ್ಟುಬಿಡಿ.

ನಿಮ್ಮ ಆಸ್ಪತ್ರೆಯ ಯಂತ್ರವನ್ನು ಯಾರು ಬಳಸಬಹುದು, ಕಲಿಯುವವರು ಯಾರ ಮೇಲ್ವಿಚಾರಣೆಯಲ್ಲಿರಬೇಕು ಎಂದು ರೇಡಿಯಾಲಜಿ ವಿಭಾಗದ ಮುಖ್ಯಸ್ಥರನ್ನು ಕೇಳಿ, ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಗರ್ಭಿಣಿಯ ಕಾಲು ನೋಡುವಾಗ ಯಾವ ದಾಖಲೆ ಬೇಕೆಂದೂ ಆಗಲೇ ತಿಳಿದುಕೊಳ್ಳಿ. ರಾತ್ರಿ ಹನ್ನೆರಡಕ್ಕೆ ತುರ್ತು ಕರೆ ಬಂದಾಗ ಅದನ್ನು ವಿಚಾರಿಸುತ್ತಾ ಕೂರಲು ಆಗುವುದಿಲ್ಲ.

ಹಂತ 2: ಆರು ಗುಂಡಿಗಳನ್ನು ಕಣ್ಣುಮುಚ್ಚಿ ಹುಡುಕುವಂತಾಗಿ

ಯಂತ್ರದ ಮೇಲೆ ನೂರು ಗುಂಡಿಗಳಿದ್ದರೂ ನಿಮಗೆ ಮೊದಲು ಬೇಕಾದದ್ದು ಆರು. ಡೆಪ್ತ್ ಎಂದರೆ ಎಷ್ಟು ಆಳದವರೆಗೆ ನೋಡುತ್ತೀರಿ ಎಂಬುದು. ಗೇನ್ ಎಂದರೆ ಚಿತ್ರದ ಹೊಳಪು. ಫೋಕಸ್ ಚಿತ್ರ ಅತಿ ಸ್ಪಷ್ಟವಾಗಿರುವ ಆಳ. ಕಲರ್ ಬಾಕ್ಸ್ ಹರಿವನ್ನು ಹುಡುಕುವ ಚೌಕ. ಸ್ಕೇಲ್ ಯಂತ್ರ ತೋರಿಸಬಲ್ಲ ವೇಗದ ಮಿತಿ. ಫ್ರೀಜ್ ಚಿತ್ರವನ್ನು ನಿಲ್ಲಿಸುವ ಗುಂಡಿ.

ಇವುಗಳಲ್ಲಿ ಹೆಚ್ಚು ಜನ ಎಡವುವುದು ಸ್ಕೇಲಿನಲ್ಲಿ. ಅಪಧಮನಿಗೆ ಇಟ್ಟ ಎತ್ತರದ ಸ್ಕೇಲಿನಲ್ಲಿಯೇ ಅಭಿಧಮನಿಯನ್ನು ನೋಡಿದರೆ ನಿಧಾನದ ಹರಿವು ಕಾಣುವುದೇ ಇಲ್ಲ, ಸರಿಯಾಗಿರುವ ನಾಳವೂ ಮುಚ್ಚಿಹೋದಂತೆ ತೋರುತ್ತದೆ. ಸ್ಕೇಲ್ ತೀರಾ ಇಳಿಸಿ ಅಪಧಮನಿ ನೋಡಿದರೆ ಮಿತಿ ಮೀರಿದ ವೇಗವನ್ನು ಯಂತ್ರ ವಿರುದ್ಧ ಬಣ್ಣಕ್ಕೆ ತಿರುವಿಬಿಡುತ್ತದೆ. ಇದಕ್ಕೆ ಅಲಿಯಾಸಿಂಗ್ ಎನ್ನುತ್ತಾರೆ. ಅಭಿಧಮನಿಗೆ ಸೆಕೆಂಡಿಗೆ 5ರಿಂದ 10 ಸೆಂ.ಮೀ., ಕುತ್ತಿಗೆಯ ಅಪಧಮನಿಗೆ 30ರಿಂದ 40 ಸೆಂ.ಮೀ. ಎಂದು ಶುರುಮಾಡಿ, ಕಂಡಂತೆ ಬದಲಿಸಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಕೆಂಪು ಎಂದರೆ ಅಪಧಮನಿ, ನೀಲಿ ಎಂದರೆ ಅಭಿಧಮನಿ ಎಂದು ಶಾಲೆಯ ಪುಸ್ತಕದ ಚಿತ್ರ ನೋಡಿ ಕಲಿತದ್ದನ್ನು ಇಲ್ಲಿ ಮರೆಯಿರಿ. ಬಣ್ಣ ಹೇಳುವುದು ರಕ್ತ ಪ್ರೋಬಿನ ಕಡೆಗೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದನ್ನಷ್ಟೇ. ಪ್ರೋಬನ್ನು ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿದರೆ ಅದೇ ನಾಳ ಕೆಂಪಿನಿಂದ ನೀಲಿಗೆ ತಿರುಗುತ್ತದೆ. ಮೊದಲ ದಿನವೇ ಇದನ್ನು ಮಾಡಿ ನೋಡಿ.

ಹಂತ 3: ಅಂಗಡಿ ಸಾಮಾನಿನಿಂದ ಒಂದು ಮಾದರಿ ಮಾಡಿಕೊಳ್ಳಿ

ಅಭ್ಯಾಸಕ್ಕೆಂದು ಮಾರುವ ಕೃತಕ ಮಾದರಿಗಳು ದುಬಾರಿ. ಮನೆಯ ಅಡುಗೆಕೋಣೆಯಲ್ಲೇ ಒಂದನ್ನು ಮಾಡಬಹುದು. ಒಂದು ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ಜೆಲಟಿನ್ ಪುಡಿ ಕರಗಿಸಿ. ಎರಡು ಮೂರು ದೊಡ್ಡ ಚಮಚ ಇಸಬ್‌ಗೋಲ್ ಹಾಕಿ ಚೆನ್ನಾಗಿ ಕದಡಿ. ಇಸಬ್‌ಗೋಲ್ ಇಲ್ಲದಿದ್ದರೆ ಪರದೆ ಪೂರ್ತಿ ಕಪ್ಪಾಗಿ ಕಾಣುತ್ತದೆ. ಅದು ಸೇರಿದರೆ ಮಾಂಸಖಂಡದಂತೆ ಬೂದುಬಣ್ಣದ ನುಣುಪು ಬರುತ್ತದೆ. ಊಟದ ಡಬ್ಬಿಗೆ ಅರ್ಧ ಸುರಿದು ಫ್ರಿಜ್‌ನಲ್ಲಿ ಗಟ್ಟಿಯಾಗಲು ಬಿಡಿ. ಅದರ ಮೇಲೆ ನೀರು ತುಂಬಿ ಗಂಟು ಹಾಕಿದ ಉದ್ದನೆಯ ಬಲೂನು ಒಂದನ್ನೂ ಗಟ್ಟಿ ರಬ್ಬರ್ ಕೊಳವೆ ಒಂದನ್ನೂ ಇಟ್ಟು, ಉಳಿದರ್ಧವನ್ನು ಆರಿಸಿ ಸುರಿಯಿರಿ. ಬಲೂನು ಒತ್ತಿದರೆ ಚಪ್ಪಟೆಯಾಗುತ್ತದೆ, ಅದು ನಿಮ್ಮ ಅಭಿಧಮನಿ. ಕೊಳವೆ ಬಗ್ಗುವುದಿಲ್ಲ, ಅದು ಅಪಧಮನಿ. ಒಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ಒಂದು ಗುಳ್ಳೆ ಇದ್ದರೂ ಅದರ ಕೆಳಗಿನದೆಲ್ಲ ನೆರಳಿನಲ್ಲಿ ಮುಳುಗುತ್ತದೆ.

ಡಬ್ಬಿಯನ್ನು ಆಸ್ಪತ್ರೆಗೆ ಒಯ್ದು, ಪ್ರೋಬಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಬಿಡುವಿನ ವೇಳೆಯಲ್ಲಿ ಅನುಮತಿ ಪಡೆದ ಯಂತ್ರದಲ್ಲಿ ಅಭ್ಯಾಸ ಮಾಡಿ. ಸೆಂಟ್ರಲ್ ಲೈನ್ ಹಾಕುವವರು, ಅಂದರೆ ಕುತ್ತಿಗೆಯ ದೊಡ್ಡ ಅಭಿಧಮನಿಗೆ ಕೊಳವೆ ಸೇರಿಸುವವರು, ಸೂಜಿಯ ತುದಿಯನ್ನು ಪರದೆಯಲ್ಲಿ ಹಿಂಬಾಲಿಸುವುದನ್ನು ಇದರಲ್ಲೇ ಕಲಿಯಬೇಕು. ಅಡ್ಡಲಾಗಿ ನೋಡುವಾಗ ಕಾಣುವ ಬಿಳಿ ಚುಕ್ಕೆ ಸೂಜಿಯ ತುದಿಯೇ ಆಗಿರಬೇಕೆಂದಿಲ್ಲ, ನಡುಭಾಗವೂ ಹಾಗೆಯೇ ಕಾಣುತ್ತದೆ. ಚುಕ್ಕೆ ಮಾಯವಾಗುವವರೆಗೆ ಪ್ರೋಬನ್ನು ಮುಂದೆ ಸರಿಸಿ, ಆಮೇಲೆ ಸೂಜಿಯನ್ನು ಮುಂದೆ ತಳ್ಳಿ. ಈ ಕ್ರಮ ಕೈಗೆ ಹತ್ತುವವರೆಗೆ ಮನುಷ್ಯರ ಕುತ್ತಿಗೆಯ ಹತ್ತಿರ ಹೋಗಬೇಡಿ.

ಹಂತ 4: ಒತ್ತಿ ನೋಡುವುದು

ಇಡೀ ವಿದ್ಯೆಯ ಅಡಿಪಾಯ ಇದು. ಡಿ.ವಿ.ಟಿ. ಎಂದರೆ ಕಾಲಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಅದನ್ನು ಪತ್ತೆ ಮಾಡಲು ಬಣ್ಣ ಬೇಡ, ಅಳತೆ ಬೇಡ. ಒತ್ತಿದರೆ ನಾಳ ಮುಚ್ಚುತ್ತದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಮಂಚದ ತಲೆಭಾಗವನ್ನು ಸುಮಾರು 30 ಡಿಗ್ರಿ ಎತ್ತರಿಸಿ, ಕಾಲಿನ ನಾಳಗಳು ತುಂಬಿಕೊಳ್ಳಲಿ. ಮಂಡಿಯನ್ನು ತುಸು ಮಡಿಸಿ ಹೊರಕ್ಕೆ ವಾಲಿಸಿ. ತೊಡೆಸಂದಿನ ಮಡಿಕೆಯಲ್ಲಿ ಪ್ರೋಬನ್ನು ಅಡ್ಡಲಾಗಿ ಇಡಿ. ಎರಡು ಕಪ್ಪು ವೃತ್ತಗಳು ಕಾಣುತ್ತವೆ. ಹೊರಬದಿಯಲ್ಲಿ ಮಿಡಿಯುವುದು ಅಪಧಮನಿ, ಒಳಬದಿಯಲ್ಲಿ ಸುಮ್ಮನಿರುವುದು ಅಭಿಧಮನಿ. ಸ್ವಲ್ಪ ಸರಿಸಿದರೆ ಒಳಬದಿಯಿಂದ ಚರ್ಮದಡಿಯ ಉದ್ದ ನಾಳವಾದ ಸ್ಯಾಫಿನಸ್ ಬಂದು ಸೇರುವುದು ಕಾಣುತ್ತದೆ. ದೊಡ್ಡ ಮುಖ, ಮೇಲೆರಡು ಕಿವಿ. ಮಿಕ್ಕಿ ಮೌಸ್ ಎಂದೇ ಎಲ್ಲ ಕಡೆ ಕಲಿಸುತ್ತಾರೆ. ಮುಖವೇ ಅಭಿಧಮನಿ.

ಈಗ ನೇರವಾಗಿ ಕೆಳಕ್ಕೆ ಒತ್ತಿ. ಸರಿಯಿರುವ ಅಭಿಧಮನಿಯ ಮೇಲಿನ ಗೋಡೆ ಕೆಳಗಿನ ಗೋಡೆಗೆ ಪೂರ್ತಿ ತಾಗಿ, ರೆಪ್ಪೆ ಮುಚ್ಚಿದಂತೆ ಒಂದು ಗೆರೆಯಾಗುತ್ತದೆ. ಕೈ ಸಡಿಲಿಸಿದರೆ ಮತ್ತೆ ತೆರೆಯುತ್ತದೆ. ಪಕ್ಕದ ಅಪಧಮನಿ ತುಸು ಚಪ್ಪಟೆಯಾಗುವಷ್ಟು ಒತ್ತಿದರೂ ಅಭಿಧಮನಿ ಮುಚ್ಚದಿದ್ದರೆ ಒಳಗೆ ಹೆಪ್ಪು ಇದೆ. ಹೀಗೆ ಎರಡೆರಡು ಸೆಂ.ಮೀ. ಬಿಟ್ಟು ತೊಡೆಯ ಉದ್ದಕ್ಕೂ ಇಳಿದು, ಮಂಡಿಯ ಹಿಂಭಾಗದಲ್ಲಿ ನಾಳ ಮೂರಾಗಿ ಕವಲೊಡೆಯುವವರೆಗೂ ಹೋಗಿ. ಮಂಡಿಯ ಹಿಂದೆ ಅಭಿಧಮನಿ ಅಪಧಮನಿಗಿಂತ ಪ್ರೋಬಿಗೆ ಹತ್ತಿರ ಇರುತ್ತದೆ. ಹಗುರವಾಗಿ ಇಟ್ಟರೇ ಮುಚ್ಚಿಕೊಳ್ಳುವಷ್ಟು ಅದು ಮೃದು. ಮೊದಲು ಕೈ ಸಡಿಲಿಸಿ ಅದನ್ನು ಕಂಡುಕೊಂಡು ಆಮೇಲೆ ಒತ್ತಿ.

ಎಡವುವ ಜಾಗಗಳು ಹಲವು.

ಹೊಸ ಹೆಪ್ಪು ಪರದೆಯಲ್ಲಿ ರಕ್ತದಷ್ಟೇ ಕಪ್ಪಗಿರಬಹುದು. "ಒಳಗೆ ಏನೂ ಕಾಣುತ್ತಿಲ್ಲ, ಹಾಗಾಗಿ ಹೆಪ್ಪಿಲ್ಲ" ಎಂದು ಎಂದೂ ಹೇಳಬೇಡಿ.

ಉದ್ದುದ್ದವಾಗಿ ಇಟ್ಟು ಒತ್ತಬೇಡಿ. ಪ್ರೋಬ್ ಪಕ್ಕಕ್ಕೆ ಜಾರಿದರೆ ನಾಳ ಮುಚ್ಚಿದಂತೆ ಭ್ರಮೆಯಾಗುತ್ತದೆ.

ತೊಡೆಸಂದಿಯ ದುಗ್ಧಗ್ರಂಥಿ, ಮಂಡಿಯ ಹಿಂದಿನ ನೀರುಗುಳ್ಳೆ, ಎರಡೂ ಮುಚ್ಚದ ನಾಳದಂತೆ ಕಾಣುತ್ತವೆ. ಪ್ರೋಬನ್ನು ಮೇಲೆ ಕೆಳಗೆ ಸರಿಸಿ. ನಾಳ ಮುಂದುವರಿಯುತ್ತದೆ, ಗುಳ್ಳೆ ಮುಗಿದುಹೋಗುತ್ತದೆ.

ತೊಡೆಯ ಕೆಳಭಾಗದಲ್ಲಿ, ಮಂಡಿಗೆ ಸ್ವಲ್ಪ ಮೇಲೆ, ನಾಳ ಸ್ನಾಯುಗಳ ನಡುವೆ ಆಳಕ್ಕಿಳಿಯುತ್ತದೆ. ಅಲ್ಲಿ ಪ್ರೋಬಿನಿಂದ ಮಾತ್ರ ಒತ್ತಿದರೆ ಸಾಲದು. ಇನ್ನೊಂದು ಕೈಯನ್ನು ತೊಡೆಯ ಹಿಂಬದಿಗೆ ಕೊಟ್ಟು ಪ್ರೋಬಿನ ಕಡೆಗೆ ಒತ್ತಿಹಿಡಿಯಿರಿ.

ತೊಡೆಯ ಅಭಿಧಮನಿ ಕೆಲವರಲ್ಲಿ ಜೋಡಿಯಾಗಿರುತ್ತದೆ. ಕಲಿಕೆಯ ಎರಡನೇ ವರ್ಷದಲ್ಲಿ ನಾನು ಒಂದು ನಾಳ ಚೆನ್ನಾಗಿ ಮುಚ್ಚಿದ್ದನ್ನು ನೋಡಿ ಹೆಪ್ಪಿಲ್ಲ ಎಂದು ಬರೆದೆ. ಅದರ ಜೊತೆಗಾರ ನಾಳ ತುಂಬಿಹೋಗಿತ್ತು. ಮರುದಿನ ಹಿರಿಯರು ಮತ್ತೆ ನೋಡಿದ್ದರಿಂದ ಆ ರೋಗಿಗೆ ಚಿಕಿತ್ಸೆ ಸಿಕ್ಕಿತು. ಅಂದಿನಿಂದ ಪ್ರತಿ ತೊಡೆಯಲ್ಲೂ ಎರಡನೆಯದನ್ನು ಹುಡುಕುತ್ತೇನೆ. ನೀವೂ ಹುಡುಕಿ.

ಹೆಸರೇ ದಾರಿ ತಪ್ಪಿಸುವ ಒಂದು ನಾಳವೂ ಇದೆ. ಹಳೆಯ ವರದಿಗಳಲ್ಲಿ "ಸೂಪರ್‌ಫಿಶಿಯಲ್ ಫೆಮೊರಲ್ ವೇನ್" ಎಂದು ಬರುವುದು ಹೊರಗಿನ ನಾಳವಲ್ಲ, ಆಳದ ನಾಳ. ಹೆಸರು ನೋಡಿ ಇದು ಚರ್ಮದಡಿಯದು ಎಂದುಕೊಂಡು ಚಿಕಿತ್ಸೆ ಕೊಡದೆ ಬಿಟ್ಟರೆ ಅನಾಹುತ. ನಿಮ್ಮ ವರದಿಯಲ್ಲಿ "ಫೆಮೊರಲ್ ವೇನ್" ಎಂದಷ್ಟೇ ಬರೆಯಿರಿ.

ಹೆಪ್ಪು ಸಿಕ್ಕಮೇಲೆ ಅದೇ ಜಾಗವನ್ನು ಮತ್ತೆ ಮತ್ತೆ ಒತ್ತಬೇಡಿ. ಅದರ ತುದಿ ತೇಲಾಡುತ್ತಿದ್ದರಂತೂ ಕೈ ತೆಗೆದು ಹಿರಿಯರನ್ನು ಕರೆಯಿರಿ. ಮಂಡಿಯವರೆಗಷ್ಟೇ ನೋಡಿ ಹೆಪ್ಪು ಸಿಗದೆ, ಅನುಮಾನ ಮಾತ್ರ ಉಳಿದಿದ್ದರೆ 5ರಿಂದ 7 ದಿನಗಳಲ್ಲಿ ಮತ್ತೆ ನೋಡಬೇಕೆಂದು ಬರೆಯಿರಿ. ಮೀನಖಂಡದ ಹೆಪ್ಪು ಆ ಅವಧಿಯಲ್ಲಿ ಮೇಲಕ್ಕೆ ಬೆಳೆಯಬಹುದು.

ಈ ಒಂದು ಪರೀಕ್ಷೆ ಸಲೀಸಾಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳುತ್ತೇನೆ.

ಹಂತ 5: ಡಾಪ್ಲರ್, ಅದರ ಕೋನ

ಒತ್ತಲಾಗದ ಜಾಗಗಳಿವೆ. ಕಾಲರ್ ಮೂಳೆಯ ಅಡಿಯ ನಾಳ, ಕಿಬ್ಬೊಟ್ಟೆಯ ಇಲಿಯಾಕ್ ನಾಳ. ಅಲ್ಲಿ ಡಾಪ್ಲರ್ ಬೇಕು. ತೊಡೆಸಂದಿಯ ಅಭಿಧಮನಿಯ ಹರಿವು ಉಸಿರಾಟದ ಜೊತೆ ಏರಿಳಿಯಬೇಕು. ಒಂದು ಕಾಲಿನಲ್ಲಿ ಏರಿಳಿತ ಇದ್ದು ಇನ್ನೊಂದರಲ್ಲಿ ಸಪಾಟಾಗಿದ್ದರೆ, ಆ ಬದಿಯಲ್ಲಿ ಮೇಲೆ ಎಲ್ಲೋ ಅಡ್ಡಿಯಿದೆ ಎಂದು ಅನುಮಾನಿಸಿ. ಗರ್ಭಿಣಿಯರಲ್ಲಿ ಎಡಗಾಲು ಪೂರ್ತಿ ಊದಿದ್ದರೆ ಇದನ್ನು ನೋಡದೆ ಕಳಿಸಬೇಡಿ.

ವೇಗ ಅಳೆಯುವಾಗ ಶಬ್ದದ ಅಲೆಗೂ ಹರಿವಿಗೂ ನಡುವಿನ ಕೋನ 60 ಡಿಗ್ರಿ ಮೀರಬಾರದು. ಇದನ್ನು ಬಾಯಿಪಾಠ ಮಾಡಿಸುತ್ತಾರೆ, ಕಾರಣ ಹೇಳುವುದಿಲ್ಲ. ಲೆಕ್ಕದಲ್ಲಿ ಆ ಕೋನದ ಕೊಸೈನ್ ಇದೆ. 45 ಡಿಗ್ರಿಯ ಹತ್ತಿರ ಪರದೆಯ ಕೋನದ ಗೆರೆಯನ್ನು 5 ಡಿಗ್ರಿ ತಪ್ಪಿಟ್ಟರೆ ವೇಗದಲ್ಲಿ ಸುಮಾರು ಶೇ. 9ರಷ್ಟು ತಪ್ಪಾಗುತ್ತದೆ. 60ರ ಬಳಿ ಅದೇ 5 ಡಿಗ್ರಿಯ ತಪ್ಪು ಶೇ. 15ಕ್ಕೆ ಏರುತ್ತದೆ. 75ರ ಬಳಿಯಂತೂ ಮೂರನೇ ಒಂದು ಭಾಗದಷ್ಟು. 90 ಡಿಗ್ರಿಯಲ್ಲಿ ಹರಿವೇ ಇಲ್ಲದಂತೆ ತೋರುತ್ತದೆ. ಪ್ರೋಬಿನ ಒಂದು ತುದಿಯನ್ನು ತುಸು ಒತ್ತಿ ವಾಲಿಸಿ, ಕಲರ್ ಬಾಕ್ಸನ್ನು ಹರಿವಿನ ದಿಕ್ಕಿಗೆ ಓರೆ ಮಾಡಿ, ಕೋನದ ಗೆರೆಯನ್ನು ಹರಿವಿಗೆ ಸಮಾನಾಂತರವಾಗಿ ಇಡಿ. ಪರೀಕ್ಷೆ ಮುಗಿಯುವವರೆಗೆ ಆದಷ್ಟು ಒಂದೇ ಕೋನ ಇರಲಿ.

ಹಂತ 6: ಉಬ್ಬಿದ ನಾಳಗಳನ್ನು ನಿಲ್ಲಿಸಿ ನೋಡಿ

ನಿಂತೇ ದುಡಿಯುವವರು ಬೆಂಗಳೂರಿನಲ್ಲಿ ಬಹಳ. ಸಂಚಾರ ಪೊಲೀಸರು, ದರ್ಶಿನಿಗಳ ಅಡುಗೆಯವರು, ಶಾಲಾ ಶಿಕ್ಷಕಿಯರು. ಉಬ್ಬಿದ ನಾಳಗಳೊಂದಿಗೆ ಬರುವ ಇವರನ್ನು ಮಲಗಿಸಿ ನೋಡುವುದೇ ಮೊದಲ ತಪ್ಪು. ಮೆಟ್ಟಿಲ ಮೇಲೆ ನಿಲ್ಲಿಸಿ, ಭಾರವನ್ನು ಇನ್ನೊಂದು ಕಾಲಿನ ಮೇಲೆ ಬಿಡಲು ಹೇಳಿ, ಹಿಡಿದುಕೊಳ್ಳಲು ಆಸರೆ ಕೊಡಿ. ಮೀನಖಂಡವನ್ನು ಹಿಂಡಿ ತಟ್ಟನೆ ಬಿಟ್ಟಾಗ ರಕ್ತ ಮೇಲಕ್ಕೆ ಹೋಗಿ, ಕವಾಟ ಸರಿಯಿದ್ದರೆ ಅಲ್ಲೇ ನಿಲ್ಲಬೇಕು. ಹೊರಗಿನ ನಾಳದಲ್ಲಿ 0.5 ಸೆಕೆಂಡಿಗಿಂತ ಹೆಚ್ಚು, ತೊಡೆಯ ಮತ್ತು ಮಂಡಿಯ ಆಳದ ನಾಳದಲ್ಲಿ 1 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ. ತೊಡೆಸಂದಿಯಲ್ಲಿ ಹೊಟ್ಟೆ ಬಿಗಿಹಿಡಿಸಿಯೂ ನೋಡುತ್ತೇವೆ. "ವಲ್ಸಾಲ್ವಾ ಮಾಡಿ" ಎಂದರೆ ಯಾರಿಗೂ ತಿಳಿಯದು. "ಉಸಿರು ಹಿಡಿದು ತಿಣುಕಿ" ಎನ್ನಿ, ತಕ್ಷಣ ಮಾಡುತ್ತಾರೆ.

ಖಾಲಿ ಹೊಟ್ಟೆಯಲ್ಲಿ ದೂರದಿಂದ ಬಂದು ಕಾದು ನಿಂತವರಿಗೆ ತಲೆಸುತ್ತು ಬರುತ್ತದೆ. ಹಿಂದೆ ಕುರ್ಚಿ ಇರಲಿ. ಡಿಸೆಂಬರ್ ಚಳಿಯ ಬೆಳಿಗ್ಗೆ ಎ.ಸಿ. ಆರಿಸಿ, ನಾಳಗಳು ಚಳಿಗೆ ಸಂಕುಚಿತವಾಗಿ ಅಳತೆ ತಪ್ಪುತ್ತದೆ.

ಹಂತ 7: ಅಪಧಮನಿಗಳು

ಕಾಲಿನ ಅಪಧಮನಿಯಲ್ಲಿ ಕಿರಿದಾದ ಜಾಗದ ವೇಗ ಅದರ ಮೇಲ್ಭಾಗದ ವೇಗಕ್ಕಿಂತ ದುಪ್ಪಟ್ಟಾಗಿದ್ದರೆ ಸುಮಾರು ಅರ್ಧದಷ್ಟು ಕಿರಿದಾಗಿದೆ ಎಂದು ಲೆಕ್ಕ. ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ರಕ್ತ ಸಾಲುತ್ತಿಲ್ಲ. ಆದರೆ ಮಧುಮೇಹಿಗಳಲ್ಲಿ ಗೋಡೆಗೆ ಸುಣ್ಣ ಕಟ್ಟಿ ಆ ಅನುಪಾತ 1.4 ದಾಟಬಹುದು. ಅದನ್ನು "ಚೆನ್ನಾಗಿದೆ" ಎಂದು ಓದಬೇಡಿ.

ಕುತ್ತಿಗೆಯ ಕ್ಯಾರೋಟಿಡ್‌ನಲ್ಲಿ ಮೊದಲು ಮಿದುಳಿಗೆ ಹೋಗುವ ಒಳಕವಲನ್ನೂ ಮುಖಕ್ಕೆ ಹೋಗುವ ಹೊರಕವಲನ್ನೂ ಬೇರ್ಪಡಿಸಬೇಕು. ಕುತ್ತಿಗೆಯಲ್ಲಿ ಒಳಕವಲಿಗೆ ಕೊಂಬೆಗಳಿಲ್ಲ, ಹೊರಕವಲಿಗಿವೆ. ಕಿವಿಯ ಮುಂದೆ ಬೆರಳಿನಿಂದ ಮೆಲ್ಲನೆ ತಟ್ಟಿದರೆ ಹೊರಕವಲಿನ ಅಲೆಯಲ್ಲಿ ಕಂಪನ ಕಾಣುತ್ತದೆ. ಅಮೆರಿಕದ ತಜ್ಞರು 2003ರಲ್ಲಿ ಒಪ್ಪಿದ ಮಾನದಂಡದಂತೆ ಒಳಕವಲಿನ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ ಶೇ. 50, 230 ದಾಟಿದರೆ ಶೇ. 70 ಅಥವಾ ಹೆಚ್ಚು ಕಿರಿದಾಗಿದೆ ಎಂದು ಪರಿಗಣಿಸುತ್ತಾರೆ. ಯಾವ ಮಾನದಂಡ ಬಳಸಿದಿರಿ ಎಂದು ವರದಿಯಲ್ಲಿ ಬರೆಯಿರಿ.

ಡಯಾಲಿಸಿಸ್ ಫಿಸ್ಟುಲಾ, ಅಂದರೆ ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ಅಪಧಮನಿ ಮತ್ತು ಅಭಿಧಮನಿ, ನೋಡುವಾಗ ಮೊದಲು ಬೆರಳಿಟ್ಟು ಅದರ ಝೇಂಕಾರವನ್ನು ಅನುಭವಿಸಿ. ನಾಳ 6 ಮಿ.ಮೀ. ಅಗಲ, ಚರ್ಮದಿಂದ 6 ಮಿ.ಮೀ. ಒಳಗಿನ ಆಳ, ನಿಮಿಷಕ್ಕೆ 600 ಮಿ.ಲೀ. ಹರಿವು ಎಂಬ ಆರರ ನಿಯಮ ನೆನಪಿಡಿ. ಹರಿವಿನ ಲೆಕ್ಕದಲ್ಲಿ ವ್ಯಾಸದ ವರ್ಗ ಬರುವುದರಿಂದ ವ್ಯಾಸವನ್ನು ಶೇ. 10ರಷ್ಟು ಹೆಚ್ಚಿಗೆ ಅಳೆದರೆ ಹರಿವು ಶೇ. 21ರಷ್ಟು ಹೆಚ್ಚಾಗುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಹಂತ 8: ನೋಟ್‌ಬುಕ್, ಮತ್ತು ಎಲ್ಲಿ ಕಲಿಯಬೇಕು

ಪ್ರತಿ ಪರೀಕ್ಷೆಗೆ ಒಂದು ಸಾಲು: ಕೇಳಿದ ಪ್ರಶ್ನೆ, ನಿಮ್ಮ ಉತ್ತರ, ಹಿರಿಯರ ಉತ್ತರ, ಕೊನೆಗೆ ಸಿ.ಟಿ. ಆಂಜಿಯೋಗ್ರಾಂ ಅಥವಾ ಶಸ್ತ್ರಚಿಕಿತ್ಸೆ ಏನು ಹೇಳಿತು. ರೋಗಿಯ ಹೆಸರು ಬೇಡ, ನೀವೇ ಕೊಟ್ಟ ಕ್ರಮಸಂಖ್ಯೆ ಸಾಕು. ಹಿರಿಯರು ನೋಡುವ ಮೊದಲೇ ನಿಮ್ಮ ಉತ್ತರ ಬರೆದಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಕೊನೆಯ ಕಾಲಂ ಖಾಲಿ ಉಳಿದಿರುವ ಸಾಲುಗಳನ್ನು ಹಿಡಿದು ಶನಿವಾರ ಮಧ್ಯಾಹ್ನ ವಾರ್ಡಿಗೆ ಹೋಗಿ ಕೇಳಿ.

ಈಗ ಕೋರ್ಸಿನ ಮಾತು. ಪರೀಕ್ಷೆ ಮಾಡುವವರೂ ಮುಂದಿನ ಚಿಕಿತ್ಸೆ ಮಾಡುವವರೂ ಒಂದೇ ಸೂರಿನಡಿ ಇರುವ ಜಾಗವನ್ನು ಆರಿಸಿ, ಆಗ ಮಾತ್ರ ಆ ಕೊನೆಯ ಕಾಲಂ ತುಂಬುತ್ತದೆ. ಪಾರ್ಶ್ವವಾಯು ಮತ್ತು ಕ್ಯಾರೋಟಿಡ್‌ನಲ್ಲಿ ಆಸಕ್ತಿಯಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್, ಫಿಸ್ಟುಲಾ ಕಲಿಯಬೇಕಿದ್ದರೆ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ, ಹೀಗೆ ರೋಗಿಗಳು ಇರುವಲ್ಲಿಗೆ ಹೋಗಿ ವೀಕ್ಷಕರಾಗಿ ಬರಬಹುದೇ ಎಂದು ಪತ್ರ ಬರೆದು ಕೇಳಿ. ಕಾರ್ಯಾಗಾರಗಳಿಗೂ ಹೋಗಿ, ಆದರೆ ಐವತ್ತು ಕಾಲುಗಳನ್ನಾದರೂ ನೋಡಿದ ಮೇಲೆ. ಆಗ ನಿಮ್ಮ ಬಳಿ ಕೇಳಲು ನಿಜವಾದ ಪ್ರಶ್ನೆಗಳಿರುತ್ತವೆ.

ಹಂತ 9: ವರದಿ, ಮತ್ತು ರೋಗಿ ಹೊರಡುವ ಮುನ್ನ

ನೋಡಿದ್ದನ್ನು ಬರೆಯಿರಿ, ನೋಡಲಾಗದ್ದನ್ನೂ ಬರೆಯಿರಿ. "ಊತದಿಂದಾಗಿ ಮೀನಖಂಡದ ನಾಳಗಳು ಸ್ಪಷ್ಟವಾಗಿ ಕಾಣಲಿಲ್ಲ" ಎಂಬ ಸಾಲು ನಿಮ್ಮ ದೌರ್ಬಲ್ಯವಲ್ಲ, ಮುಂದಿನ ವೈದ್ಯರಿಗೆ ಅತ್ಯಗತ್ಯವಾದ ಮಾಹಿತಿ. ಹೊಸ ಹೆಪ್ಪು ಸಿಕ್ಕಿದರೆ ವರದಿ ಟೈಪ್ ಆಗುವವರೆಗೆ ಕಾಯಬೇಡಿ. ಕಳಿಸಿದ ವೈದ್ಯರಿಗೆ ಆಗಲೇ ಫೋನ್ ಮಾಡಿ, ಯಾರಿಗೆ ಎಷ್ಟು ಗಂಟೆಗೆ ಹೇಳಿದಿರಿ ಎಂದು ವರದಿಯಲ್ಲಿ ನಮೂದಿಸಿ.

ಪ್ರೋಬನ್ನು ತಯಾರಕರು ಹೇಳಿದ ದ್ರಾವಣದಿಂದಲೇ ಒರೆಸಿ. ಜೆಲ್ ಬಾಟಲಿ ಖಾಲಿಯಾದಾಗ ಅದಕ್ಕೇ ಮತ್ತೆ ತುಂಬಿಸುವ ಅಭ್ಯಾಸ ಬೇಡ, ಹಳೆಯ ಜೆಲ್‌ನಲ್ಲಿ ರೋಗಾಣು ಬೆಳೆದು ಸೋಂಕು ಹರಡಿದ ಉದಾಹರಣೆಗಳು ಜಗತ್ತಿನ ಅನೇಕ ಕಡೆ ದಾಖಲಾಗಿವೆ. ಕಾಲಿನ ಜೆಲ್ಲನ್ನು ನೀವೇ ಒರೆಸಿ, ಪಾದದಡಿಯದನ್ನೂ ಬಿಡಬೇಡಿ. ವಯಸ್ಸಾದವರು ಆ ಜಿಡ್ಡಿನ ಪಾದವನ್ನು ಟೈಲ್ಸ್ ನೆಲದ ಮೇಲೆ ಇಟ್ಟರೆ ಜಾರುತ್ತಾರೆ. ಕೈ ಹಿಡಿದು ಇಳಿಸಿ.